ಒಂದೇ ಆಲ್ಬಂ, ಎರಡು ಕಿವಿ: ಮರುಬಿಡುಗಡೆಯ ಜಗಳ ಯಾತಕ್ಕೆ?

ಹಳೆಯ ರಾಕ್ ತಂಡವೊಂದರ ಆಲ್ಬಂ ಮರುಬಿಡುಗಡೆಯಾದ ವಾರ ಅಭಿಮಾನಿಗಳ ನಡುವೆ ಏನು ನಡೆಯುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಒಬ್ಬ ‘ಅಂತೂ ಡ್ರಮ್ಮು ಕೇಳಿಸಿತು’ ಅಂತಾನೆ. ಇನ್ನೊಬ್ಬ ‘ಹಾಳು ಮಾಡಿಬಿಟ್ಟರು’ ಅಂತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಬಹಳ ಸಲ ಅವರು ಕೇಳಿದ್ದು ಒಂದೇ ವಸ್ತುವನ್ನಲ್ಲ. ಒಬ್ಬನ ಮುಂದೆ ಎಲ್‌ಪಿ ತಿರುಗುತ್ತಿದೆ, ಇನ್ನೊಬ್ಬನ ಕಿವಿಯಲ್ಲಿ ಸ್ಟ್ರೀಮಿಂಗ್. ಒಬ್ಬ ಹೋಲಿಸುತ್ತಿರುವುದು ಎಂಬತ್ತರ ದಶಕದ ಸಿಡಿಗೆ, ಇನ್ನೊಬ್ಬ ತನ್ನ ಹದಿನೇಳನೇ ವಯಸ್ಸಿನ ನೆನಪಿಗೆ. ಎತ್ತು ಏರಿಗೆ, ಕೋಣ ನೀರಿಗೆ.

ಅಭಿಮಾನಿಗಳ ಮಾತನ್ನು ಹುಚ್ಚಾಟ ಎಂದು ತಳ್ಳಿಹಾಕುವವರ ಕಡೆ ನಾನಿಲ್ಲ. ಅವರ ದೂರನ್ನು ಸಾಕ್ಷಿಯ ಹೇಳಿಕೆಯಂತೆ ತೆಗೆದುಕೊಳ್ಳಬೇಕು ಎಂಬುದು ನನ್ನ ವಾದ. ಯಾವ ಪ್ರತಿ ಕೇಳಿದಿರಿ, ಯಾವುದಕ್ಕೆ ಹೋಲಿಸಿದಿರಿ, ಎರಡರ ವಾಲ್ಯೂಮ್ ಸಮ ಇತ್ತೇ ಎಂದು ಪಾಟೀಸವಾಲು ಹಾಕಿ. ಆಮೇಲೂ ನಿಲ್ಲುವ ದೂರುಗಳು ಎಷ್ಟಿರುತ್ತವೆ ಎಂದರೆ ನಿಮಗೇ ಆಶ್ಚರ್ಯವಾಗುತ್ತದೆ.

ಮೊದಲು ಪದಗಳನ್ನು ಸರಿಮಾಡಿಕೊಳ್ಳೋಣ. ಸ್ಟುಡಿಯೋದಲ್ಲಿ ಹಾಡು ಮೊದಲು ಇಳಿಯುವುದು ಬಹು-ಟ್ರ್ಯಾಕ್ ಟೇಪಿನ ಮೇಲೆ. ಎಪ್ಪತ್ತರ ದಶಕದಲ್ಲಾದರೆ 2 ಇಂಚು ಅಗಲದ ಟೇಪು, ಅದರಲ್ಲಿ 16 ಅಥವಾ 24 ಟ್ರ್ಯಾಕ್. ಡ್ರಮ್ಮು ಕೆಲವು ಟ್ರ್ಯಾಕಿನಲ್ಲಿ, ಬಾಸ್ ಗಿಟಾರ್ ಒಂದರಲ್ಲಿ, ಹಾಡುಗಾರಿಕೆ ಇನ್ನೊಂದರಲ್ಲಿ. ಇವನ್ನೆಲ್ಲ ಹದವಾಗಿ ಬೆರೆಸಿ ಎಡ-ಬಲ ಎರಡೇ ಟ್ರ್ಯಾಕಿಗೆ ಇಳಿಸುವುದು ಮಿಕ್ಸ್. ಆ ಎರಡು ಟ್ರ್ಯಾಕಿನ ಟೇಪಿನ ಮೇಲೆ ಕೊನೆಯ ಹಂತದಲ್ಲಿ ಸ್ವರದ ಸಮತೋಲ, ಮಟ್ಟ, ಹಾಡುಗಳ ನಡುವಿನ ಬಿಡುವು ಇವನ್ನು ತಿದ್ದುವುದು ಮಾಸ್ಟರಿಂಗ್. ರೀಮಾಸ್ಟರ್ ಎಂದರೆ ಈ ಕೊನೆಯ ಹಂತ ಮಾತ್ರ ಹೊಸದು. ಬಾಸ್ ಗಿಟಾರ್ ಒಂದನ್ನೇ ಎತ್ತಿ ಕೇಳಿಸಲು ಅಲ್ಲಿ ದಾರಿಯಿಲ್ಲ, ಏಕೆಂದರೆ ಅದು ಆಗಲೇ ಉಳಿದವುಗಳ ಜೊತೆ ಕಲೆತುಹೋಗಿದೆ. ಕೆಳಸ್ವರ ಹೆಚ್ಚಿಸಿದರೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮೂ ಕೂಡಲೇ ಮೇಲೇಳುತ್ತದೆ. ರೀಮಿಕ್ಸ್ ಎಂದರೆ ಬಹು-ಟ್ರ್ಯಾಕ್ ಟೇಪಿಗೇ ವಾಪಸು ಹೋಗಿ ಮತ್ತೆ ಬೆರೆಸುವುದು.

ಮೂರನೆಯದೂ ಒಂದಿದೆ, ಪ್ರಚಾರದ ಕಾಗದದಲ್ಲಿ ಅದರ ಹೆಸರು ಸಾಮಾನ್ಯವಾಗಿ ಕಾಣುವುದಿಲ್ಲ: ಹಳೆಯ ಆಲ್ಬಂಗೆ ಹೊಸದಾಗಿ ನುಡಿಸಿ ಸೇರಿಸುವುದು. ಓಜಿ ಆಸ್‌ಬರ್ನ್ ಅವರ ಮೊದಲ ಎರಡು ಏಕವ್ಯಕ್ತಿ ಆಲ್ಬಂಗಳು 2002ರಲ್ಲಿ ಮತ್ತೆ ಬಂದಾಗ ಬಾಬ್ ಡೇಸ್ಲಿ ಅವರ ಬಾಸ್, ಲೀ ಕರ್ಸ್‌ಲೇಕ್ ಅವರ ಡ್ರಮ್ ಎರಡೂ ಮಾಯವಾಗಿದ್ದವು. ಅವರಿಗೂ ಓಜಿ ಕಡೆಯವರಿಗೂ ಸಂಭಾವನೆ, ಹೆಸರು ನಮೂದಿಸುವ ವಿಚಾರದಲ್ಲಿ ವ್ಯಾಜ್ಯವಿತ್ತು. ಅವರ ಭಾಗಗಳ ಜಾಗದಲ್ಲಿ ರಾಬರ್ಟ್ ಟ್ರುಹೀಯೊ, ಮೈಕ್ ಬಾರ್ಡಿನ್ ಹೊಸದಾಗಿ ನುಡಿಸಿದ್ದರು. ಅಭಿಮಾನಿಗಳು ಕೆಂಡವಾದರು. 2011ರ ಆವೃತ್ತಿಯಲ್ಲಿ ಮೂಲ ವಾದನ ಮರಳಿ ಬಂತು. ಇಲ್ಲಿ ದೂರು ಕೊಟ್ಟವರದ್ದು ಕಿವಿಯ ಚಾಪಲ್ಯವಲ್ಲ. ಗಿಟಾರ್ ವಾದಕ ರ‍್ಯಾಂಡಿ ರೋಡ್ಸ್ 1982ರಲ್ಲಿ ತೀರಿಕೊಂಡವರು, ಅವರು ಯಾರ ತಾಳಕ್ಕೆ ನುಡಿಸಿದ್ದರೋ ಆ ತಾಳವನ್ನೇ ಕಿತ್ತು ಬೇರೆಯದನ್ನು ಜೋಡಿಸಿದ್ದರು. ಪಿಂಕ್ ಫ್ಲಾಯ್ಡ್ ತಮ್ಮ 1987ರ ಆಲ್ಬಂಗೆ ಇಂಥದ್ದೇ ಕೆಲಸ ಮಾಡಿದರು. ಅಲ್ಲಿ ನಿಕ್ ಮೇಸನ್ ತಾವೇ ಡ್ರಮ್ ಮತ್ತೆ ನುಡಿಸಿದರು, ರಿಚರ್ಡ್ ರೈಟ್ ಅವರ ಕೀಬೋರ್ಡನ್ನು ಹೆಚ್ಚು ಸೇರಿಸಿದರು. ಮೊದಲ ಸಲ ಬೇರೆ ಡ್ರಮ್ಮರ್‌ಗಳು ಮತ್ತು ಯಂತ್ರ ನುಡಿಸಿದ್ದ ಜಾಗಕ್ಕೆ ತಂಡದವರೇ ಬಂದರು ಎಂಬ ಕಾರಣಕ್ಕೆ ಅದನ್ನು ಒಪ್ಪಿಕೊಂಡವರು ಸಾಕಷ್ಟು ಜನ. ಒಂದೇ ಬಗೆಯ ಕೆಲಸ, ತೀರ್ಪು ಬೇರೆ. ಮೂಲದವರು ಒಳಬಂದರೋ ಹೊರಹೋದರೋ ಎಂಬುದು ಅಭಿಮಾನಿಗೆ ಮುಖ್ಯ.

ಈಗ ಟೇಪಿನ ವಿಷಯ. ‘ಮೂಲ ಮಾಸ್ಟರ್ ಟೇಪಿನಿಂದ’ ಎಂದು ಹೊದಿಕೆಯ ಮೇಲೆ ಅಚ್ಚಾಗಿರುತ್ತದೆ. ಯಾವ ಟೇಪು ಸ್ವಾಮಿ, ಎಂದು ಕೇಳಬೇಕಾದ್ದು ಅಲ್ಲೇ. ಮಿಕ್ಸ್ ಇಳಿದ ಮೊದಲ ಟೇಪು ಒಂದು. ಎಲ್‌ಪಿ ಕತ್ತರಿಸಲು, ಅಂದರೆ ಗೆರೆ ಕೊರೆಯಲು, ಸ್ವರ ತಿದ್ದಿ ಮಾಡಿಕೊಂಡ ಪ್ರತಿ ಇನ್ನೊಂದು. ಸೂಜಿ ಹಾರದಿರಲಿ ಎಂದು ಅದರಲ್ಲಿ ಆಳದ ಸ್ವರ ಕಡಿಮೆ ಮಾಡಿರಬಹುದು. ಬೇರೆ ದೇಶಗಳಿಗೆ ಕಳಿಸಿದ ಪ್ರತಿಯ ಪ್ರತಿ ಮತ್ತೊಂದು. ಎಂಬತ್ತರ ದಶಕದ ಮೊದಲ ಸಿಡಿಗಳಲ್ಲಿ ಅನೇಕವು ಹೊರಬಂದದ್ದು ಈ ಎರಡನೆಯ, ಮೂರನೆಯ ಬಗೆಯ ಟೇಪುಗಳಿಂದ. ‘ಹಳೆ ಸಿಡಿ ಮಂಕು’ ಎಂಬ ದೂರಿಗೆ ಅನೇಕ ಸಲ ಕಾರಣ ಇದು, ಸಿಡಿ ಎಂಬ ಮಾಧ್ಯಮವಲ್ಲ.

ಟೇಪು ಸಿಕ್ಕ ಮಾತ್ರಕ್ಕೆ ಅದು ಓಡುತ್ತದೆ ಎಂದೇನಿಲ್ಲ. ಎಪ್ಪತ್ತರ ದಶಕದ ಮಧ್ಯಭಾಗದಿಂದ ತೊಂಬತ್ತರ ಆರಂಭದವರೆಗಿನ ಆಂಪೆಕ್ಸ್ 456ರಂಥ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಪಟ್ಟಿಗೆ ಅಂಟಿಸುವ ಪಾಲಿಯುರೆಥೇನ್ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಯಂತ್ರಕ್ಕೆ ಹಾಕಿದರೆ ಕಿರ್ರೆನ್ನುತ್ತದೆ, ಕಂದು ಪುಡಿ ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಮೇಲ್‌ಸ್ವರ ಕ್ಷಣಕ್ಷಣಕ್ಕೂ ಕರಗುತ್ತದೆ. ಬಲವಂತವಾಗಿ ಓಡಿಸಿದರೆ ಉದುರಿದ್ದು ಪುಡಿಯಲ್ಲ, ಹಾಡು. ಇದಕ್ಕೆ ಮದ್ದು, ಟೇಪನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್‌ನ ಒಣ ಶಾಖದಲ್ಲಿ ಇಡುವುದು. ಕಾಲಿಂಚಿನ ಟೇಪಿಗೆ ಎಂಟು ಗಂಟೆಯಾದರೂ ಬೇಕು, 2 ಇಂಚಿನದಕ್ಕೆ ಇನ್ನೂ ಹೆಚ್ಚು. ನಿಧಾನವಾಗಿ ಆರಿಸಿ, ಕೆಲವು ವಾರಗಳೊಳಗೆ ಡಿಜಿಟಲ್‌ಗೆ ಇಳಿಸಿಕೊಳ್ಳಬೇಕು. ಆಮೇಲೆ ಮತ್ತೆ ಜಿಗುಟು. ಹಳೆಯ ಅಸಿಟೇಟ್ ಟೇಪನ್ನು ಮಾತ್ರ ಹೀಗೆ ಕಾಯಿಸಬಾರದು, ಮುದುರಿ ಹಾಳಾಗುತ್ತದೆ. ವಿಚಿತ್ರ ನೋಡಿ, 1966ರ ಟೇಪು ಗಟ್ಟಿಮುಟ್ಟಾಗಿ ಓಡಬಹುದು, 1979ರದ್ದು ಒಲೆ ಕಾಣದೆ ಅಲುಗಾಡುವುದಿಲ್ಲ.

ಇಳಿಸುವಾಗ ಇನ್ನೊಂದು ಸೂಕ್ಷ್ಮವಿದೆ. ಟೇಪಿನ ಆರಂಭದಲ್ಲಿ 1 ಕಿಲೋಹರ್ಟ್ಸ್, 10 ಕಿಲೋಹರ್ಟ್ಸ್, 100 ಹರ್ಟ್ಸ್ ಹೀಗೆ ಪರೀಕ್ಷಾ ಸ್ವರಗಳನ್ನು ಮುದ್ರಿಸಿರುತ್ತಾರೆ. ಅವನ್ನು ನುಡಿಸಿ ಹೆಡ್ಡಿನ ಓರೆಯನ್ನು ಆ ಟೇಪಿಗೆ ಹೊಂದಿಸಬೇಕು. ಕೂದಲೆಳೆಯಷ್ಟು ಓರೆ ತಪ್ಪಿದರೂ ಎಡ-ಬಲ ಟ್ರ್ಯಾಕುಗಳು ಸಮಯದಲ್ಲಿ ಒಂದಕ್ಕೊಂದು ಹಿಂದೆಮುಂದಾಗುತ್ತವೆ. ಕೇಳುಗನಿಗೆ ಗೊತ್ತಾಗುವುದು ಇಷ್ಟೇ: ನಡುವೆ ನಿಲ್ಲಬೇಕಾದ ಹಾಡುಗಾರನ ದನಿ ಕದಡಿದಂತಿದೆ, ಸಿಂಬಲ್, ಅಂದರೆ ಡ್ರಮ್ಮಿನ ಜೊತೆಯ ಲೋಹದ ತಟ್ಟೆ, ಮಸುಕಾಗಿದೆ. ಎರಡೂ ಚಾನೆಲನ್ನು ಒಂದಾಗಿಸಿ ಮೋನೋದಲ್ಲಿ ಕೇಳಿ. ಸಿಂಬಲ್ ಇನ್ನಷ್ಟು ಸತ್ತರೆ ಅನುಮಾನ ಬಲವಾಯಿತು.

ಇನ್ನು ಎಲ್ಲ ಜಗಳಗಳ ಮೂಲಕ್ಕೆ ಬರೋಣ, ಅಂದರೆ ಅಬ್ಬರಕ್ಕೆ. ಒಂದು ಸ್ನೇರ್ ಡ್ರಮ್ಮಿನ ಏಟನ್ನು ಹತ್ತಿರದಿಂದ ನೋಡಿ. ಕೋಲು ಬಿದ್ದ ಕೆಲವೇ ಮಿಲಿಸೆಕೆಂಡಿನಲ್ಲಿ ತರಂಗ ಚೂಪಾಗಿ ಎದ್ದು, ಅಷ್ಟೇ ಬೇಗ ಇಳಿಯುತ್ತದೆ. ಆ ಚೂಪು ಹಾಡಿನ ಸರಾಸರಿ ಮಟ್ಟಕ್ಕಿಂತ 12-15 ಡೆಸಿಬೆಲ್ ಮೇಲಿರುತ್ತದೆ. ಸಿಡಿಗೆ ಒಂದು ಮಾಡು, ಅಂದರೆ ಗರಿಷ್ಠ ಮಟ್ಟ, ಇದೆ, ಅದರಾಚೆ ಅಂಕಿಯೇ ಇಲ್ಲ. ಹಾಡನ್ನು ಇನ್ನಷ್ಟು ಜೋರಾಗಿಸಬೇಕೆಂದರೆ ಚೂಪನ್ನು ಕತ್ತರಿಸಿ, ಉಳಿದದ್ದನ್ನು ಮೇಲೆತ್ತಬೇಕು. ಲಿಮಿಟರ್ ಮಾಡುವುದು ಅದನ್ನೇ. ‘ಠಕ್’ ಎನ್ನುತ್ತಿದ್ದ ಏಟು ‘ಥಪ್’ ಎನ್ನುತ್ತದೆ. ಮೊದಲ ಮೂರು ನಿಮಿಷ ರೋಮಾಂಚನ, ನಲವತ್ತು ನಿಮಿಷಕ್ಕೆ ತಲೆನೋವು. ‘ಯಾಕೋ ಪೂರ್ತಿ ಕೇಳಲಾಗಲಿಲ್ಲ’ ಎಂದು ಅಭಿಮಾನಿಯೊಬ್ಬ ಹೇಳಿದರೆ ನಾನು ಮೊದಲು ಹುಡುಕುವುದು ಇದನ್ನು.

ಅಭಿಮಾನಿಗಳು ಸರಿಯಾಗಿಯೇ ಹಿಡಿದ ಪ್ರಕರಣಗಳಿವೆ. ಮೆಟಾಲಿಕಾ 2008ರಲ್ಲಿ ತಂದ ‘ಡೆತ್ ಮ್ಯಾಗ್ನೆಟಿಕ್’ ಮರುಬಿಡುಗಡೆಯಲ್ಲ, ಆದರೂ ಅದನ್ನು ಬಿಟ್ಟು ಈ ಮಾತು ಮುಗಿಯುವುದಿಲ್ಲ. ಅದೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ವಿಡಿಯೋ ಗೇಮಿನಲ್ಲೂ ಬಂದಿದ್ದವು. ಅಭಿಮಾನಿಗಳು ಎರಡರ ತರಂಗವನ್ನು ಪಕ್ಕಪಕ್ಕ ಇಟ್ಟರು: ಗೇಮಿನದ್ದರಲ್ಲಿ ಏರಿಳಿತ ಇತ್ತು, ಸಿಡಿಯದ್ದು ಇಟ್ಟಿಗೆಯಂತೆ ಚಪ್ಪಟೆ. ಮಾಸ್ಟರಿಂಗ್ ಮಾಡಿದವರು, ಮಿಕ್ಸ್ ತಮ್ಮ ಕೈಗೆ ಬರುವಾಗಲೇ ಹಾಗಿತ್ತು ಎಂದರು. ರಶ್ ತಂಡದ 2002ರ ‘ವೇಪರ್ ಟ್ರೇಲ್ಸ್’ ಮೇಲೂ ಇದೇ ದೂರು ವರ್ಷಗಟ್ಟಲೆ ಇತ್ತು. ಕೊನೆಗೆ 2013ರಲ್ಲಿ ಡೇವಿಡ್ ಬಾಟ್ರಿಲ್ ಇಡೀ ಆಲ್ಬಂ ರೀಮಿಕ್ಸ್ ಮಾಡಿದರು. ಬರೀ ರೀಮಾಸ್ಟರ್ ಸಾಲದೆ ರೀಮಿಕ್ಸಿಗೇ ಹೋದದ್ದನ್ನು ಗಮನಿಸಿ. ಮಿಕ್ಸಿನೊಳಗೇ ಸೇರಿಕೊಂಡ ಹಾನಿಯನ್ನು ಕೊನೆಯ ಹಂತದಲ್ಲಿ ಕಳೆಯಲು ಬರುವುದಿಲ್ಲ.

ಸ್ಟೂಜಸ್ ತಂಡದ ‘ರಾ ಪವರ್’ ಕಥೆ ಇನ್ನೂ ಸ್ವಾರಸ್ಯ. 1973ರ ಮೂಲವನ್ನು ಮಿಕ್ಸ್ ಮಾಡಿದ್ದು ಡೇವಿಡ್ ಬೋವಿ. ಕೈಗೆ ಬಂದದ್ದು 24 ಟ್ರ್ಯಾಕಿನ ಟೇಪಾದರೂ ಅದರಲ್ಲಿ ಬಳಸಿದ್ದು ಮೂರೇ, ತಂಡ ಒಂದರಲ್ಲಿ, ಗಿಟಾರ್ ಒಂದರಲ್ಲಿ, ಇಗ್ಗಿ ಪಾಪ್ ದನಿ ಇನ್ನೊಂದರಲ್ಲಿ ಎಂದು ಬೋವಿ ಮುಂದೆ ನೆನಪಿಸಿಕೊಂಡಿದ್ದರು. ಆ ಮಿಕ್ಸ್ ಸೊರಗಿದೆ, ಕೆಳಸ್ವರವೇ ಇಲ್ಲ ಎಂದು ಇಪ್ಪತ್ತು ವರ್ಷ ಗೊಣಗಿದವರು ಅಭಿಮಾನಿಗಳೇ. 1997ರಲ್ಲಿ ಇಗ್ಗಿ ಸ್ವತಃ ರೀಮಿಕ್ಸ್ ಮಾಡಿದರು, ಮೀಟರು ಕೆಂಪಿಗೆ ತಾಗಿ ಅಲ್ಲೇ ನಿಲ್ಲುವಷ್ಟು ಜೋರಾಗಿ. ಆಗ ಇನ್ನೊಂದು ಗುಂಪು ‘ಬೋವಿಯದ್ದೇ ಕೊಡಿ’ ಎಂದಿತು. 2010ರಲ್ಲಿ ಅದೂ ಬಂತು. ಇವರಿಗೆ ಏನು ಕೊಟ್ಟರೂ ತೃಪ್ತಿಯಿಲ್ಲ ಎಂದು ನಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹೊಸ ಮಿಕ್ಸ್ ಬೇಡ ಎಂಬುದಲ್ಲ ತಕರಾರು, ಹಳೆಯದನ್ನು ಅಂಗಡಿಯಿಂದ ಎತ್ತಿಬಿಟ್ಟು ಹೊಸದನ್ನು ಕೂರಿಸಬೇಡಿ ಎಂಬುದು. ಎರಡೂ ಸಿಗುವಂತಿದ್ದರೆ ಜಗಳದ ಅರ್ಧ ಬಿಸಿ ಆರುತ್ತದೆ.

ಸರಿ, ನೀವೇ ಹೋಲಿಸಬೇಕೆಂದರೆ ಹೇಗೆ? ಜೋರಾಗಿದ್ದದ್ದು ನಮ್ಮ ಕಿವಿಗೆ ಚೆನ್ನಾಗಿದ್ದಂತೆ ಕೇಳುತ್ತದೆ. ಒಂದೇ ಡೆಸಿಬೆಲ್ ಹೆಚ್ಚಿದ್ದರೂ ‘ಸ್ಪಷ್ಟವಾಗಿದೆ’ ಅನ್ನುತ್ತೇವೆ. ಎಂಬತ್ತರ ದಶಕದ ಸಿಡಿಗೂ ಈಗಿನ ರೀಮಾಸ್ಟರಿಗೂ 6ರಿಂದ 8 ಡೆಸಿಬೆಲ್ ವ್ಯತ್ಯಾಸ ಅಪರೂಪವಲ್ಲ. ಹಾಗಾಗಿ ಮೊದಲು ಮಟ್ಟ ಸಮ ಮಾಡಿ. ಆಡಾಸಿಟಿಯಂಥ ಉಚಿತ ತಂತ್ರಾಂಶ ಸಾಕು. ಎರಡೂ ಆವೃತ್ತಿಯ ಒಂದೇ ಹಾಡನ್ನು ತೆರೆದು, ಲೌಡ್‌ನೆಸ್ ನಾರ್ಮಲೈಸೇಷನ್‌ನಲ್ಲಿ ಎರಡಕ್ಕೂ ಒಂದೇ ಗುರಿ ಕೊಡಿ. ಆ ಗುರಿ ಮೆತ್ತನೆಯ ಆವೃತ್ತಿಯ ಮಟ್ಟಕ್ಕಿಂತ ಮೇಲಿರಬಾರದು, ಕಿವಿಗೆ ತಟ್ಟುವ ಜೋರನ್ನು ಅಳೆಯುವ ಮಾನದಲ್ಲಿ ಮೈನಸ್ 20 ಎಲ್‌ಯುಎಫ್‌ಎಸ್ ಎಂದಿಟ್ಟುಕೊಳ್ಳಿ. ಜೋರಿನದ್ದನ್ನು ಇಳಿಸಬೇಕೇ ಹೊರತು ಮೆತ್ತಗಿನದ್ದನ್ನು ಏರಿಸಬಾರದು. ಏರಿಸಿದರೆ ಅದರ ಚೂಪುಗಳು ಮಾಡಿಗೆ ಬಡಿದು ನೀವೇ ಹಾಳು ಮಾಡಿದಂತಾಗುತ್ತದೆ. ಆಮೇಲೆ ಆರಂಭದ ಬಿಡುವನ್ನು ಸರಿಹೊಂದಿಸಿ, ಹತ್ತು ಹದಿನೈದು ಸೆಕೆಂಡಿನ ತುಣುಕನ್ನೇ ಅದಲುಬದಲು ಮಾಡಿ ಕೇಳಿ. ಸ್ನೇರ್ ಇರುವ ತುಣುಕು, ದನಿ ಒಂದೇ ಇರುವ ತುಣುಕು, ಎಲ್ಲವೂ ಒಟ್ಟಿಗೆ ಮೊಳಗುವ ತುಣುಕು, ಈ ಮೂರು ಬೇಕು.

ನಿಮ್ಮ ಮೇಲೇ ನಿಮಗೆ ನಂಬಿಕೆಯಿಲ್ಲದಿದ್ದರೆ ಯಾವುದು ಯಾವುದೆಂದು ತೋರಿಸದೆ ಪರೀಕ್ಷಿಸುವ ಎಬಿಎಕ್ಸ್ ವಿಧಾನವಿದೆ. 16 ಸಲ ಕೇಳಿ 12 ಸಲ ಸರಿಯಾಗಿ ಗುರುತಿಸಿದರೆ, ಅದು ಬರೀ ಊಹೆಯಿಂದ ಬರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಒಂಬತ್ತು ಸಲ ಬಂದರೆ ಸುಮ್ಮನಿರುವುದು ಲೇಸು.

ಹೊಸ ಸಿಡಿ ನಿಜಕ್ಕೂ ಹೊಸ ಮಾಸ್ಟರೇ, ಅಥವಾ ಹಳೆಯದಕ್ಕೇ ಹೊಸ ಹೊದಿಕೆಯೇ? ಒಂದನ್ನು ತಲೆಕೆಳಗು ಮಾಡಿ, ಅಂದರೆ ಇನ್ವರ್ಟ್ ಮಾಡಿ, ಒಂದೇ ಸ್ಯಾಂಪಲ್ಲೂ (ಡಿಜಿಟಲ್ ದನಿಯ ಒಂದು ಅಳತೆ) ತಪ್ಪದಂತೆ ಜೋಡಿಸಿ ಎರಡನ್ನೂ ಕೂಡಿಸಿ. ಪೂರ್ತಿ ಮೌನ ಬಂದರೆ ಎರಡೂ ಒಂದೇ. ಹಾಡು ಉಳಿದರೆ ಬೇರೆ. ಎಚ್ಚರ, ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್. ಒಂದು ಸ್ಯಾಂಪಲ್ ಆಚೀಚೆಯಾದರೂ ಮೇಲ್‌ಸ್ವರ ಉಳಿದುಕೊಂಡು ನಿಮ್ಮನ್ನು ಮೋಸ ಮಾಡುತ್ತದೆ. ಮಟ್ಟ ಮಾತ್ರ ಬದಲಿಸಿದ ಪ್ರತಿಯೂ ಹಾಡು ಉಳಿಸುತ್ತದೆ, ಅದನ್ನು ಮೊದಲು ಸಮ ಮಾಡಿಕೊಳ್ಳಿ.

ಅಭಿಮಾನಿಗಳು ಎಡವುವ ಒಂದು ಜಾಗವನ್ನೂ ಹೇಳಿಬಿಡುತ್ತೇನೆ. ಹಾಡಿನ ಏರಿಳಿತ ಅಳೆಯುವ ಡಿಆರ್ ಮೀಟರ್ ಕೊಟ್ಟ ಅಂಕಿ ಹಿಡಿದು ‘ಸಿಡಿಗೆ 6, ಎಲ್‌ಪಿಗೆ 11, ನೋಡಿ ಎಲ್‌ಪಿಗೆ ಬೇರೆ ಮಾಸ್ಟರ್’ ಎಂದು ತೀರ್ಪು ಕೊಡುವವರಿದ್ದಾರೆ. ಹಾಗೆ ಹೇಳಲಾಗದು. ಅದೇ ಚಪ್ಪಟೆ ಕಡತದಿಂದ ಎಲ್‌ಪಿ ಕತ್ತರಿಸಿದರೂ, ಕತ್ತರಿಸುವ ಮತ್ತು ನುಡಿಸುವ ಯಂತ್ರಗಳಲ್ಲಿ ಸ್ವರಗಳ ಫೇಸ್, ಅಂದರೆ ಅಲೆಗಳು ಏಳುವ ಕ್ಷಣ, ಜರುಗಿ ಚಪ್ಪಟೆ ತಲೆಗಳು ಅಂಕುಡೊಂಕಾಗುತ್ತವೆ. ಮೀಟರು ಅದನ್ನು ಏರಿಳಿತ ಎಂದು ಓದುತ್ತದೆ. ಕತ್ತರಿಸಿ ಹೋದ ಏಟು ಮರಳಿ ಬಂದಿರುವುದಿಲ್ಲ.

ಎಲ್‌ಪಿಯ ಮಾತು ಬಂದ ಮೇಲೆ, ಅಲ್ಲಿನ ದೂರುಗಳು ಬೇರೆಯೇ ಜಾತಿ. ತಂಡದ್ದಾಗಲಿ ಮಾಸ್ಟರಿಂಗ್‌ನದ್ದಾಗಲಿ ತಪ್ಪಿರುವುದಿಲ್ಲ, ಅಚ್ಚಿನದ್ದಿರುತ್ತದೆ. ನಡುವಿನ ತೂತು ಅರ್ಧ ಮಿಲಿಮೀಟರ್ ಸರಿದಿದೆ ಎನ್ನಿ. 33⅓ ವೇಗದ ರೆಕಾರ್ಡು ಒಂದು ಸುತ್ತಿಗೆ 1.8 ಸೆಕೆಂಡ್ ತೆಗೆದುಕೊಳ್ಳುತ್ತದೆ. ಹೊರ ಅಂಚಿನ ಹಾಡಿನಲ್ಲಿ ಈ ದೋಷ ಅಷ್ಟಾಗಿ ತಿಳಿಯುವುದಿಲ್ಲ. ಒಳಗೆ, ಮಧ್ಯದಿಂದ 6 ಸೆಂಟಿಮೀಟರ್ ದೂರದಲ್ಲಿ, ಅದೇ ಅರ್ಧ ಮಿಲಿಮೀಟರ್ ವೇಗವನ್ನು ಶೇಕಡ 0.8ರಷ್ಟು ಮೇಲೆಕೆಳಗೆ ಮಾಡುತ್ತದೆ. ಪಿಯಾನೋ ಇರುವ, ಉದ್ದಕ್ಕೆ ಎಳೆದ ಸ್ವರವಿರುವ ನಿಧಾನದ ಹಾಡು ಕೊನೆಯಲ್ಲಿದ್ದರೆ ಶ್ರುತಿ ತೂಗುಯ್ಯಾಲೆ ಆಡುತ್ತದೆ. ಪರೀಕ್ಷೆ ಸುಲಭ: ಟರ್ನ್‌ಟೇಬಲ್ಲಿನ ಮುಂದೆ ಕೂತು ಸೂಜಿಯ ತಲೆಯನ್ನೇ ನೋಡಿ, ಪ್ರತಿ ಸುತ್ತಿಗೂ ಎಡಬಲ ತೊನೆಯುತ್ತಿದ್ದರೆ ತೂತು ಸರಿಯಿಲ್ಲ. ಮೇಲೆಕೆಳಗೆ ತೊನೆದರೆ ರೆಕಾರ್ಡು ಸೊಟ್ಟಗಿದೆ.

ಸ, ಶ ಸದ್ದುಗಳು ಕೊನೆಯ ಹಾಡಿನಲ್ಲಿ ಮಾತ್ರ ಸೀಳಿದಂತೆ ಕೇಳಿದರೆ ಅದು ರೇಖಾಗಣಿತದ ಶಾಪ. ಹೊರ ಅಂಚಿನಲ್ಲಿ ಗೆರೆ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ, ಒಳಗೆ ಬರೀ 21. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗಕ್ಕೆ ತುರುಕಿದಂತಾಯಿತು. ಆದ್ದರಿಂದಲೇ ಕೆಲವು ಮರುಬಿಡುಗಡೆಗಳು 40 ನಿಮಿಷದ ಆಲ್ಬಂ ಅನ್ನು ಎರಡು ರೆಕಾರ್ಡಿಗೆ ಹರಡಿ 45 ವೇಗದಲ್ಲಿ ಕತ್ತರಿಸುತ್ತವೆ. ಹತ್ತು ನಿಮಿಷಕ್ಕೊಮ್ಮೆ ಎದ್ದು ಮಗುಚಬೇಕು ಎಂಬ ಗೊಣಗಾಟ ಆಗ ಶುರು; ಅದೂ ನ್ಯಾಯವೇ, ಪಕ್ಕಗಳ ಜೋಡಣೆಯೂ ಆಲ್ಬಂನ ಭಾಗ. ಚಟಪಟ ಸದ್ದಿಗೆ ಮಾತ್ರ ಅವಸರದಲ್ಲಿ ದೂರು ಬೇಡ. ಹೊಸ ರೆಕಾರ್ಡಿನಲ್ಲೂ ಕಾಗದದ ಚೀಲದ ಪುಡಿ ಇರುತ್ತದೆ, ಸ್ಥಾಯೀ ವಿದ್ಯುತ್ ಇರುತ್ತದೆ. ತೊಳೆದು ಮತ್ತೆ ನುಡಿಸಿ. ಅದೇ ಜಾಗದಲ್ಲಿ ಬಟ್ಟೆ ಹರಿದಂಥ ಸದ್ದು ಒಂದೇ ಚಾನೆಲಿನಲ್ಲಿ ಮರುಕಳಿಸಿದರೆ, ಅಚ್ಚೊತ್ತುವಾಗ ಪ್ಲಾಸ್ಟಿಕ್ ಗೆರೆಯೊಳಗೆ ತುಂಬಿಲ್ಲ ಎಂದರ್ಥ. ಅದನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ, ವಾಪಸು ಕೊಡಿ. 180 ಗ್ರಾಂ ತೂಕ ಇದಕ್ಕೆಲ್ಲ ಪರಿಹಾರವಲ್ಲ. ಸ್ವರ ಇರುವುದು ಗೆರೆಯಲ್ಲಿ, ದಪ್ಪದಲ್ಲಲ್ಲ. ಮೂಗಿಗಿಂತ ಮೂಗುತಿ ಭಾರ.

ಎಲ್‌ಪಿ ಪ್ರಿಯರಿಗೆ ದೊಡ್ಡ ಪೆಟ್ಟು ಬಿದ್ದದ್ದು 2022ರಲ್ಲಿ. ಮೊಬೈಲ್ ಫಿಡೆಲಿಟಿ ಎಂಬ ಮರುಬಿಡುಗಡೆ ಸಂಸ್ಥೆಯ ರೆಕಾರ್ಡುಗಳು ಟೇಪಿನಿಂದ ನೇರ ಕತ್ತರಿಸಿದವು, ನಡುವೆ ಡಿಜಿಟಲ್ ಇಲ್ಲ ಎಂದು ಅನೇಕರು ನಂಬಿದ್ದರು. ಹಲವು ರೆಕಾರ್ಡುಗಳಲ್ಲಿ ಟೇಪನ್ನು ಮೊದಲು ಡಿಎಸ್‌ಡಿ ಎಂಬ ಡಿಜಿಟಲ್ ರೂಪಕ್ಕೆ ಇಳಿಸಿ, ಅಲ್ಲಿಂದ ಕತ್ತರಿಸುತ್ತಿದ್ದರು ಎಂಬುದು ಆ ವರ್ಷ ಹೊರಬಿತ್ತು. ವ್ಯಾಜ್ಯ ನ್ಯಾಯಾಲಯದವರೆಗೂ ಹೋಯಿತು. ಆ ರೆಕಾರ್ಡುಗಳನ್ನೇ ಅನಲಾಗ್ ಸೊಬಗಿಗೆ ಉದಾಹರಣೆಯಾಗಿ ಕೊಡುತ್ತಿದ್ದವರು ಪೇಚಿಗೆ ಸಿಕ್ಕರು. ಇಲ್ಲಿ ಎರಡು ದೂರುಗಳನ್ನು ಬಿಡಿಸಿ ನೋಡಬೇಕು. ‘ಕಿವಿಗೆ ಕೆಟ್ಟದಾಗಿದೆ’ ಎಂದು ಈಗ ಹೇಳುವವರ ಮಾತು ನಿಲ್ಲುವುದಿಲ್ಲ, ನಿನ್ನೆಯವರೆಗೆ ಮೆಚ್ಚಿದ್ದರಲ್ಲ. ‘ಏನು ಕೊಡುತ್ತಿದ್ದೀರೆಂದು ಸರಿಯಾಗಿ ಹೇಳಲಿಲ್ಲ’ ಎಂಬ ಮಾತು ಪೂರ್ತಿ ನಿಲ್ಲುತ್ತದೆ.

ಒಂದು ಸಣ್ಣ ಅಡ್ಡದಾರಿ. ಬಹು-ಟ್ರ್ಯಾಕ್ ಟೇಪು ಇದ್ದರೂ ರೀಮಿಕ್ಸ್ ಸಾಧ್ಯವಾಗದ ಕಾಲವಿತ್ತು. ಬೀಟಲ್ಸ್ 1966ರ ‘ರಿವಾಲ್ವರ್’ ಮಾಡಿದ್ದು ನಾಲ್ಕು ಟ್ರ್ಯಾಕ್ ಯಂತ್ರದಲ್ಲಿ. ಮೊದಲ ಹಾಡಿನ ಗಿಟಾರ್, ಬಾಸ್, ಡ್ರಮ್ಮು ಮೂರೂ ಒಂದೇ ಟ್ರ್ಯಾಕಿನಲ್ಲಿದ್ದವು. ಹಾಗಾಗಿ ಹಳೆಯ ಸ್ಟೀರಿಯೋದಲ್ಲಿ ಇಡೀ ವಾದ್ಯಮೇಳ ಒಂದೇ ಕಡೆ ಒತ್ತರಿಸಿತ್ತು. ಯಂತ್ರಕಲಿಕೆಯಿಂದ ಕಲೆತ ವಾದ್ಯಗಳನ್ನು ಬಿಡಿಸುವ ತಂತ್ರವನ್ನು ಚಿತ್ರನಿರ್ದೇಶಕ ಪೀಟರ್ ಜಾಕ್ಸನ್ ಅವರ ಬಳಗ ರೂಪಿಸಿದ ಮೇಲೆ 2022ರಲ್ಲಿ ಜೈಲ್ಸ್ ಮಾರ್ಟಿನ್ ಅದನ್ನು ರೀಮಿಕ್ಸ್ ಮಾಡಿದರು. ಬಿಡಿಸಿದ ವಾದ್ಯಗಳಲ್ಲಿ ಎಡವಟ್ಟು ಹುಡುಕುವುದಾದರೆ ಸಿಂಬಲ್ಲಿನ ಬಾಲವನ್ನು ಕೇಳಿ: ನೀರಿನೊಳಗಿಂದ ಬಂದಂತೆ ಗುಳುಗುಳು ಎಂದರೆ ತಂತ್ರ ಸೋತ ಜಾಗ ಅದು. ರಿವಾಲ್ವರ್‌ನಲ್ಲಿ ಅಂಥದ್ದು ಎದ್ದು ಕಾಣುವುದಿಲ್ಲ. ಅಗ್ಗದ ತಂತ್ರಾಂಶಗಳ ಕೈಕೆಲಸದಲ್ಲಿ ಹೇರಳ.

ಇನ್ನು ಮೂಲ ಯಾವುದು ಎಂಬ ಪ್ರಶ್ನೆ. ಜೀಜೀ ಟಾಪ್ ತಂಡದ ಎಪ್ಪತ್ತರ ದಶಕದ ಆಲ್ಬಂಗಳು 1987ರಲ್ಲಿ ಸಿಡಿಗೆ ಬಂದಾಗ ಅವನ್ನು ರೀಮಿಕ್ಸ್ ಮಾಡಿ, ಡ್ರಮ್ಮಿಗೆ ಆ ಕಾಲದ ಫ್ಯಾಷನ್ನಿನ ದೊಡ್ಡ ಪ್ರತಿಧ್ವನಿ ತೊಡಿಸಿದರು. ಎರಡು ಆಲ್ಬಂಗಳ ಮೂಲ ಮಿಕ್ಸ್ ಸಿಡಿಯಲ್ಲಿ ಬಂದದ್ದು 2006ರಲ್ಲಿ, ಉಳಿದವಕ್ಕೆ 2013ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಒಂದು ತಲೆಮಾರು ಆ ಪ್ರತಿಧ್ವನಿಯ ಸಿಡಿಯನ್ನೇ ಕೇಳಿ ಬೆಳೆದಿತ್ತು. ಅಂಥವನಿಗೆ ನಿಜವಾದ ಮೂಲ ಕೊಟ್ಟರೆ ‘ಏನೋ ಒಣಗಿದಂತಿದೆ’ ಅನ್ನಿಸಿದರೆ ಅದನ್ನು ಅಜ್ಞಾನ ಎನ್ನಲಾರೆ. ಬೀಟಲ್ಸ್ ಆಲ್ಬಂಗಳಲ್ಲೂ ಇದುಂಟು: ‘ಹೆಲ್ಪ್!’ ಮತ್ತು ‘ರಬ್ಬರ್ ಸೋಲ್’ಗಳನ್ನು 1987ರಲ್ಲಿ ಮೂಲ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರೇ ಸಿಡಿಗಾಗಿ ರೀಮಿಕ್ಸ್ ಮಾಡಿದ್ದರು. 2009ರ ಸ್ಟೀರಿಯೋ ಸಿಡಿಗಳಲ್ಲಿರುವುದೂ ಅದೇ. 1965ರ ಸ್ಟೀರಿಯೋ ಬೇಕಿದ್ದವರು ಅದನ್ನು 2009ರಲ್ಲೇ ಬಂದ ಮೋನೋ ಪೆಟ್ಟಿಗೆಯಲ್ಲಿ ಹುಡುಕಬೇಕಾಯಿತು. ಮೋನೋ ಪೆಟ್ಟಿಗೆಯೊಳಗೆ ಸ್ಟೀರಿಯೋ! ಇಂಥವನ್ನು ಅಭಿಮಾನಿಗಳು ಗುರುತಿಟ್ಟುಕೊಳ್ಳದಿದ್ದರೆ ಇನ್ಯಾರು ಇಟ್ಟುಕೊಳ್ಳುತ್ತಾರೆ?

ಅಭಿಮಾನಿಯ ಬೇಡಿಕೆಗೆ ತಂಡ ಮಣಿಯಲೇಬೇಕೆ? ರೀಪ್ಲೇಸ್‌ಮೆಂಟ್ಸ್ ತಂಡದ 1985ರ ‘ಟಿಮ್’ ತಗಡಿನಂತೆ ಕೇಳುತ್ತದೆ ಎಂಬುದು ಹಳೆಯ ದೂರು. 2023ರಲ್ಲಿ ಎಡ್ ಸ್ಟೇಸಿಯಂ ರೀಮಿಕ್ಸ್ ಮಾಡಿದಾಗ ಡ್ರಮ್ಮಿಗೆ ಮೈ ಬಂತು, ಬಾಸಿಗೆ ಜಾಗ ಸಿಕ್ಕಿತು. ತಕರಾರು ತೆಗೆದವರನ್ನು ಹುಡುಕಬೇಕಿತ್ತು. ಮೆಟಾಲಿಕಾದ 1988ರ ಆಲ್ಬಂನಲ್ಲಿ ಜೇಸನ್ ನ್ಯೂಸ್ಟೆಡ್ ಅವರ ಬಾಸ್ ಹೆಚ್ಚುಕಡಿಮೆ ಕೇಳುವುದೇ ಇಲ್ಲ. ಮೂವತ್ತು ವರ್ಷ ಅಭಿಮಾನಿಗಳು ಕೇಳಿದ್ದು ಒಂದೇ, ಬಾಸ್ ಎತ್ತಿ. 2018ರಲ್ಲಿ ದೊಡ್ಡ ಪೆಟ್ಟಿಗೆಯಾಗಿ ಮರುಬಿಡುಗಡೆ ಬಂತು. ಪೆಟ್ಟಿಗೆ ಬಿಚ್ಚಿದರೆ ಒಳಗಿದ್ದದ್ದು ರೀಮಾಸ್ಟರ್, ರೀಮಿಕ್ಸ್ ಅಲ್ಲ. ಬಾಸ್ ಇದ್ದಲ್ಲೇ ಇತ್ತು. ಅದಕ್ಕೆ ಬಹಳ ಮುಂಚೆಯೇ ಅಭಿಮಾನಿಗಳು ಮೂಲ ಹಾಡಿನ ಮೇಲೆ ಬಾಸ್ ಏರಿಸಿದ ತಮ್ಮದೇ ಆವೃತ್ತಿಗಳನ್ನು ಮಾಡಿ ಹಂಚಿಕೊಂಡಿದ್ದರು. ಈಗಲೂ ಅವು ಕೈಯಿಂದ ಕೈಗೆ ಓಡಾಡುತ್ತಿವೆ. ಕೇಳುವುದಾದರೆ ವಾಲ್ಯೂಮ್ ಸಮ ಮಾಡಿಕೊಂಡು ಕೇಳಿ.